ಹಗ್ಗ ಎಳೆದು ಎಳೆದು ರಟ್ಟೆ ಸೋತಿತು, ಇಂಜಿನು ಕೆಮ್ಮುವುದೂ ಇಲ್ಲ

ಮೇ ತಿಂಗಳ ಕೊನೆ ಬಂತು ಅಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಅಡೂರಿನವರೆಗೆ ಎಲ್ಲರ ಮನೆಯಲ್ಲೂ ಒಂದೇ ಕಥೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದ್ದ ತೋಟದ ಸಣ್ಣ ಪೆಟ್ರೋಲು ಇಂಜಿನನ್ನು ಅಂಗಳಕ್ಕೆ ತರುತ್ತಾರೆ, ಧೂಳು ಒರೆಸುತ್ತಾರೆ, ಹಗ್ಗ ಎಳೆಯುತ್ತಾರೆ, ಆಮೇಲೆ ಗಾಳಿಗೆ ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿಗೆ ಬೈಯುತ್ತಾರೆ. ಈ ಸಲದ ಪತ್ರಗಳೂ ಅವೇ. ಅಡಿಕೆ ಸುಲಿಯುವ ಯಂತ್ರದ ಬೆಲ್ಟಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡ್ಕೊಳ್ಳಿ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವ ಇಂಜಿನು, ನಾಲ್ಕು ಸ್ಟ್ರೋಕಿನದ್ದು, 163 ಸಿಸಿ. ಹೋದ ಆಗಸ್ಟಿನಲ್ಲಿ ಎರಡನೇ ಮದ್ದು ಮುಗಿಸಿ ಇಟ್ಟದ್ದು. ಆಗ ಏನೂ ತೊಂದರೆ ಇರಲಿಲ್ಲ. ಮೊನ್ನೆ ಡ್ರಮ್ಮಿನಲ್ಲಿ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮಿಶ್ರಣ ರೆಡಿ, ಮರ ಹತ್ತುವವರು ಇಬ್ಬರು ಬಂದು ನಿಂತಿದ್ದಾರೆ, ಇಂಜಿನು ಮಾತ್ರ ಸ್ಟಾರ್ಟಾಗಲಿಲ್ಲ. ಕಿಡಿ ಕೊಡುವ ಪ್ಲಗ್ ಹೊಸದು ಹಾಕಿದೆ. ಪಕ್ಕದ ಮನೆಯವರು ಬಂದು ಕಾರ್ಬುರೇಟರಿನ ಸ್ಕ್ರೂಗಳನ್ನೆಲ್ಲ ತಿರುಗಿಸಿ ನೋಡಿದರು. ಕಾರ್ಬುರೇಟರೇ ಬದಲಾಯಿಸಬೇಕಾ? (ಪೆರ್ಲದ ಓದುಗರು)

ಉತ್ತರ: ಬೇಡ. ಮೊದಲು ಪಕ್ಕದ ಮನೆಯವರ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಳ್ಳಿ. ಆಗಸ್ಟಿನಲ್ಲಿ ಚೆನ್ನಾಗಿ ಓಡಿದ ಇಂಜಿನಿನ ಸ್ಕ್ರೂ ಕೊಟ್ಟಿಗೆಯಲ್ಲಿ ತನ್ನಷ್ಟಕ್ಕೆ ತಿರುಗಿರುವುದಿಲ್ಲ ಅಲ್ವಾ? ಈ ಒಂಬತ್ತು ತಿಂಗಳಲ್ಲಿ ಕೆಟ್ಟಿರಬಹುದಾದ ಮೊದಲ ವಸ್ತು ಟ್ಯಾಂಕಿಯಲ್ಲೂ ಕಾರ್ಬುರೇಟರಿನ ಬಟ್ಟಲಲ್ಲೂ ಉಳಿದಿದ್ದ ಪೆಟ್ರೋಲು.

ಪೆಟ್ರೋಲು ಒಂದೇ ದ್ರವ ಅಲ್ಲ. ಬೇಗ ಆವಿಯಾಗುವುದು, ನಿಧಾನಕ್ಕೆ ಆಗುವುದು, ಎಲ್ಲ ಸೇರಿದ ಮಿಶ್ರಣ ಅದು. ತಣ್ಣಗಿರುವ ಇಂಜಿನಿನಲ್ಲಿ ಮೊದಲ ಕಿಡಿಗೆ ಹತ್ತಿಕೊಳ್ಳುವುದು ಬೇಗ ಆವಿಯಾಗುವ ಭಾಗ. ಇಟ್ಟಲ್ಲೇ ಇಟ್ಟರೆ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿ ತಾಗಿ ನಿಧಾನವಾಗಿ ಅಂಟಾಗುತ್ತದೆ. ಅದರ ಮೇಲೆ ಈಗ ಎಥನಾಲ್ ಬೇರೆ. ಇ20 ಪೆಟ್ರೋಲಿನ ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಅದರಲ್ಲಿ ಲೀಟರಿಗೆ 200 ಮಿ.ಲೀ. ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ವರ್ಷಕ್ಕೆ 3,500 ಮಿ.ಮೀ. ಹತ್ತಿರ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಭರಣಿಯೊಳಗಿನ ಉಪ್ಪೇ ನೀರಾಗುವ ಆಟಿ (ಜುಲೈ-ಆಗಸ್ಟ್) ತಿಂಗಳಲ್ಲಿ, ಅದಕ್ಕೆ ತೇವದ ಬರಗಾಲ ಏನಿಲ್ಲ. ಒಂದು ಮಿತಿ ದಾಟಿದರೆ ನೀರು ಎಥನಾಲ್ ಎರಡೂ ಒಟ್ಟಿಗೆ ಟ್ಯಾಂಕಿಯ ಅಡಿಗೆ ಇಳಿಯುತ್ತವೆ. ಇಂಜಿನಿಗೆ ಪೆಟ್ರೋಲು ಹೋಗುವುದೂ ಅಡಿಯಿಂದಲೇ.

ಹಾಗಾಗಿ ಮೊದಲು ಒಂದು ಗಾಜಿನ ಬಾಟಲಿ ತನ್ನಿ. ಟ್ಯಾಂಕಿಯಿಂದ ಸ್ವಲ್ಪ ಅದಕ್ಕೆ ಇಳಿಸಿ, ಬೆಳಕಿಗೆ ಹಿಡಿದು ನೋಡಿ. ಹೊಸ ಪೆಟ್ರೋಲಿನ ಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯದು ಕಪ್ಪು ಚಹಾದ ಬಣ್ಣಕ್ಕೆ ತಿರುಗಿರಬಹುದು, ವಾರ್ನಿಶಿನ ಹಾಗೆ ಹುಳಿ ವಾಸನೆ ಬರಬಹುದು. ಅಡಿಯಲ್ಲಿ ಗುಳ್ಳೆ ಗುಳ್ಳೆಯಾಗಿ ನೀರು ಕೂತಿರಬಹುದು, ಇಲ್ಲವೇ ಎರಡು ಪದರ ಕಾಣಬಹುದು. ಇಷ್ಟರಲ್ಲಿ ಯಾವುದು ಕಂಡರೂ ಪೂರ್ತಿ ಖಾಲಿ ಮಾಡಿ. ಹೊಸದು ಅರ್ಧ ಲೀಟರ್ ಸಾಕು.

ಇಲ್ಲಿ ಜಾಸ್ತಿ ಜನ ಒಂದು ತಪ್ಪು ಮಾಡುತ್ತಾರೆ. ಟ್ಯಾಂಕಿಗೆ ಹೊಸ ಪೆಟ್ರೋಲು ಹಾಕಿ ಮತ್ತೆ ಹಗ್ಗ ಎಳೆಯಲು ಶುರು. ಕಾರ್ಬುರೇಟರಿನ ಬಟ್ಟಲಲ್ಲಿ ಹಳೇದು ಹಾಗೇ ಇದೆಯಲ್ಲ! ಬಟ್ಟಲಿನ ಕೆಳಗೆ ಓರೆಯಾಗಿ ಒಂದು ಸಣ್ಣ ಬೋಲ್ಟು ಇರುತ್ತದೆ, ಅದನ್ನು ಸಡಿಲಿಸಿ ಹಳೇದನ್ನು ಇಳಿಸಿ, ಆಮೇಲೆ ಕಾಕ್, ಅಂದರೆ ಪೆಟ್ರೋಲಿನ ನಲ್ಲಿ, ತೆರೆಯಿರಿ. ಎಷ್ಟೋ ಇಂಜಿನು ಇಷ್ಟಕ್ಕೇ ಎದ್ದು ಕೂರುತ್ತವೆ. ಗಾಳಿ ಕಡಿಮೆ ಮಾಡುವ ಚೋಕಿನ ಲಿವರ್ ಮತ್ತು ಪೆಟ್ರೋಲಿನ ಲಿವರ್ ನಿಮ್ಮ ಇಂಜಿನಿನಲ್ಲಿ ಒಂದರ ಮೇಲೊಂದು ಇರುವುದು, ಅದನ್ನೂ ಒಮ್ಮೆ ನೋಡಿಬಿಡಿ. ಪೆಟ್ರೋಲು ಬಂದ್ ಮಾಡಿಟ್ಟು ಅರ್ಧ ಗಂಟೆ ಹಗ್ಗ ಎಳೆದವರು ನನ್ನ ಹತ್ತಿರದ ನೆಂಟರಲ್ಲೇ ಇದ್ದಾರೆ.

ಆದರೂ ಆಗಲಿಲ್ಲ ಅಂದರೆ, ಚೋಕ್ ಹಾಕಿ ಆರೇಳು ಸಲ ಎಳೆದು ಪ್ಲಗ್ ಬಿಚ್ಚಿ. ತುದಿ ಒದ್ದೆಯಾ, ಒಣಗಿದೆಯಾ? ದಾರಿ ಎರಡಾಗಿ ಒಡೆಯುವುದು ಇಲ್ಲಿ. ಒದ್ದೆ ಇದ್ದರೆ ಪೆಟ್ರೋಲು ಬರುತ್ತಿದೆ, ಕಾರ್ಬುರೇಟರನ್ನು ಸದ್ಯಕ್ಕೆ ಸುಮ್ನೆ ಬಿಡಿ, ಕಿಡಿ ನೋಡಿ. ಪ್ಲಗ್ಗನ್ನು ಅದರ ವೈರಿನ ತುದಿಯ ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆಯಬೇಕು. ಪ್ಲಗ್ಗಿನ ತೂತಿನ ಹತ್ತಿರ ಹಿಡಿಯಬೇಡಿ. ಚೆಲ್ಲಿದ ಪೆಟ್ರೋಲು ಒರೆಸಿ, ಗಾಳಿಗೆ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನೋಡಿ. ಟೋಪಿ ಹಿಡಿಯಲು ಒಣಗಿದ ಬೈರಾಸು (ಟವೆಲ್) ಇರಲಿ, ಅದರ ಹೊಡೆತ ತಿಂದವರಿಗೆ ಗೊತ್ತು. ನೀಲಿ ಕಿಡಿ ಚಟಚಟ ಹಾರಿದರೆ ಸರಿ. ಹೊಸ ಪ್ಲಗ್ ಅಂದಿರಿ, ಆದರೆ ಹೊಸದರಲ್ಲೂ ಸಂದು ಸರಿ ಇರಬೇಕು. ಈ ಇಂಜಿನಿಗೆ 0.7ರಿಂದ 0.8 ಮಿ.ಮೀ. ಕಿಡಿ ಚೆನ್ನಾಗಿದ್ದು ಪ್ಲಗ್ ತೊಯ್ದು ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲು ಜಾಸ್ತಿ ಆಗಿದೆ. ಚೋಕ್ ತೆಗೆದು, ಪ್ಲಗ್ ಹೊರಗಿಟ್ಟು, ಎಕ್ಸಲರೇಟರ್ ಪೂರ್ತಿ ಕೊಟ್ಟು ಎಂಟು ಹತ್ತು ಸಲ ಎಳೆದರೆ ಒಳಗಿನ ಹೆಚ್ಚಿನದ್ದು ಹೊರಗೆ ಹೋಗುತ್ತದೆ.

ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಪ್ಲಗ್ಗಿನ ತೂತಿಗೆ ನಾಲ್ಕೈದು ಹನಿ ಪೆಟ್ರೋಲು ಬಿಡಿ. ಹನಿ ಅಂದೆ, ಮುಚ್ಚಳ ಅನ್ನಲಿಲ್ಲ. ಪ್ಲಗ್ ಹಾಕಿ ಎಳೆಯಿರಿ. ಎರಡು ಸೆಕೆಂಡು ಗುರ್ ಎಂದು ಓಡಿ ನಿಂತಿತು ಅಂದರೆ ಕಿಡಿಯೂ ಸರಿ, ಸಿಲಿಂಡರಿನೊಳಗೆ ಗಾಳಿ ಅದುಮುವ ಕಂಪ್ರೆಶನ್ನೂ ಸರಿ. ಈಗ ಕಾರ್ಬುರೇಟರಿನ ಸರದಿ.

ಅದಕ್ಕೂ ಮೊದಲು ಕಾಕ್ ತೆರೆದಿಟ್ಟು ಬಟ್ಟಲಿನ ಆ ಸಣ್ಣ ಬೋಲ್ಟನ್ನು ಮತ್ತೆ ಸಡಿಲಿಸಿ. ಪೆಟ್ರೋಲು ಎಡೆಬಿಡದೆ ಹರಿದರೆ ಬಟ್ಟಲಿನವರೆಗೆ ದಾರಿ ಸರಿ ಇದೆ, ಕಟ್ಟಿರುವುದು ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ಜೆಟ್. ಎರಡು ಚಮಚ ಬಂದು ನಿಂತರೆ ತೊಂದರೆ ಬಟ್ಟಲಿಗಿಂತ ಮೇಲೆ. ಟ್ಯಾಂಕಿಯ ಜಾಲರಿಯೋ, ಕಾಕೋ, ಬಟ್ಟಲು ತುಂಬಿದಾಗ ಪೆಟ್ರೋಲು ನಿಲ್ಲಿಸುವ ಸೂಜಿ ಅಂಟಿಕೊಂಡದ್ದೋ ಇರಬಹುದು.

ಬಟ್ಟಲು ಬಿಚ್ಚುವುದು ಕಷ್ಟ ಇಲ್ಲ. ಕಾಕ್ ಮುಚ್ಚಿ, ಅಡಿಯಿಂದ 10 ಮಿ.ಮೀ. ಸ್ಪ್ಯಾನರಿನಲ್ಲಿ ಒಂದು ಬೋಲ್ಟು ತೆಗೆದರೆ ಬಟ್ಟಲು ಕೈಗೆ ಬರುತ್ತದೆ. ಅಡಿಯಲ್ಲಿ ಏನಿದೆ ನೋಡಿ. ಜೋನಿ ಬೆಲ್ಲ ಹೆಪ್ಪುಗಟ್ಟಿದ ಹಾಗೆ ಕಂದು ಅಂಟು ಇದ್ದರೆ ಅದು ಹಳೆಯ ಪೆಟ್ರೋಲು. ಬಿಳಿ ಹಿಟ್ಟಿನ ಹಾಗೆ ಇದ್ದರೆ ನೀರು ನಿಂತು ಲೋಹ ತಿಂದದ್ದು. ಮೇಲೆ ನಡುವಿನಲ್ಲಿ ಒಂದು ಕಂಬ ಇಳಿದಿರುತ್ತದೆ, ಅದರ ತುದಿಯ ಒಳಗೆ ಹಿತ್ತಾಳೆಯ ಮೇನ್ ಜೆಟ್. ಅದರ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಸಣ್ಣದು ಹಾಕಿದರೆ ಅಂಚು ಕಿತ್ತುಹೋಗಿ ಆಮೇಲೆ ಅದು ಜನ್ಮಕ್ಕೆ ಬಿಚ್ಚುವುದಿಲ್ಲ. ಜೆಟ್ ತೆಗೆದರೆ ಹಿಂದೆಯೇ ಮೈತುಂಬ ತೂತುಗಳಿರುವ ಒಂದು ಕೊಳವೆ ಜಾರಿ ಬೀಳುತ್ತದೆ. ಅದನ್ನೂ ತೊಳೆಯಬೇಕು. ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಗುಂಡಗೆ, ಅಂಚು ಚೊಕ್ಕವಾಗಿ ಬೆಳಕು ಕಂಡರೆ ಸರಿ. ಅರ್ಧ ಚಂದ್ರ ಕಂಡರೆ ಸರಿ ಇಲ್ಲ. ಏನೂ ಕಾಣದಿದ್ದರೆ ನಿಮ್ಮ ಕಳ್ಳ ಸಿಕ್ಕಿದ.

ಹಿಡಿಸೂಡಿ ಕಡ್ಡಿ ತುರುಕಬೇಡಿ. ತುದಿ ಒಳಗೇ ಮುರಿಯುತ್ತದೆ. ಹೊಲಿಯುವ ಸೂಜಿ, ಉಕ್ಕಿನ ತಂತಿಯೂ ಬೇಡ, ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಇಂಜಿನು ಹೊಗೆ ಕಾರುತ್ತದೆ. ವಿದ್ಯುತ್ ವೈರಿನ ಒಳಗಿನ ತಾಮ್ರದ ಎಳೆ ಇದೆಯಲ್ಲ, ಅದರಲ್ಲಿ ಒಂದೇ ಒಂದು ಎಳೆ ಸಾಕು. ಕಾರ್ಬುರೇಟರ್ ಕ್ಲೀನರ್ ಬಿಟ್ಟು ಹತ್ತು ನಿಮಿಷ ನೆನೆಯಲು ಇಟ್ಟು, ಆಮೇಲೆ ಎಳೆ ಹಾಕಿ, ಕೊನೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಪಕ್ಕದಲ್ಲಿ ಐಡಲಿಂಗಿಗೆ ಒಂದು ಪೈಲಟ್ ಜೆಟ್ ಇರುತ್ತದೆ, ಇನ್ನೂ ಸಪುರ. ಅದು ಕಟ್ಟಿದರೆ ಇಂಜಿನು ಸ್ಟಾರ್ಟಾದರೂ ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ.

ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಬಿಚ್ಚುವಾಗ ಮಾತ್ರ ಒಂದು ಮಾತು. ಅದು ಕೂತಿರುವುದು ಸಣ್ಣ ಪಿನ್ನಿನ ಮೇಲೆ, ಪಿನ್ ಎಳೆದರೆ ಫ್ಲೋಟ್ ಮತ್ತು ಸೂಜಿ ಕೈಗೆ ಬರುತ್ತವೆ. ನಾನು ಮೊದಲ ಸಲ ಬಿಚ್ಚಿದ್ದು ಅಡಿಕೆ ಒಣಗಿಸಿದ ಅಂಗಳದ ಅಂಚಿನಲ್ಲಿ. ಪಿನ್ ಟಣ್ ಎಂದು ಹಾರಿತು. ಮನೆಯವರೆಲ್ಲ ಸೇರಿ ಸಂಜೆವರೆಗೆ ಹುಡುಕಿದೆವು, ಅದೊಂದು ಗೌಜಿ. ಕೊನೆಗೆ ಸಿಕ್ಕಿದ್ದು ಎರಡು ತಿಂಗಳ ನಂತರ ಅಡಿಕೆ ಸುಲಿಯಲು ಕೂತಾಗ, ಚೀಲದ ಅಡಿಯಲ್ಲಿ. ಅಷ್ಟು ಹೊತ್ತಿಗೆ ಹೊಸ ಕಾರ್ಬುರೇಟರ್ ತಂದು ಹಾಕಿ ಆಗಿತ್ತು. ಅಂದಿನಿಂದ ಬಿಳಿ ಮುಂಡು ಹಾಸದೆ ನಾನು ಕಾರ್ಬುರೇಟರ್ ಬಿಚ್ಚಿಲ್ಲ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕುಲು ಅಂದರೆ ಅದು ತೂತು, ಬದಲಾಯಿಸಿ.

ನೆರೆಯವರು ತಿರುಗಿಸಿದ ಸ್ಕ್ರೂಗಳಿಗೆ ಬರೋಣ. ಒಂದು ಎಕ್ಸಲರೇಟರಿನ ಹತ್ತಿರ ಇರುವ ವೇಗದ ಸ್ಕ್ರೂ, ಅದರಿಂದ ದೊಡ್ಡ ಅನಾಹುತ ಇಲ್ಲ. ಇನ್ನೊಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದ್ದು. ಅದನ್ನು ಮೆಲ್ಲಗೆ ಕೊನೆ ಮುಟ್ಟುವವರೆಗೆ ಒಳಗೆ ತಿರುಗಿಸಿ, ಬಿಗಿಯಬೇಡಿ. ಅಲ್ಲಿಂದ ಎಷ್ಟು ಸುತ್ತು ಹೊರಗೆ ಎಂದು ಇಂಜಿನಿನ ಪುಸ್ತಿಕೆಯಲ್ಲಿ ಇರುತ್ತದೆ. ಪುಸ್ತಿಕೆ ಗೆದ್ದಲಿನ ಪಾಲಾಗಿದ್ದರೆ ಒಂದೂವರೆಯಿಂದ ಎರಡು ಸುತ್ತಿನಲ್ಲಿ ಶುರು ಮಾಡಿ, ಇಂಜಿನು ಬಿಸಿಯಾದ ಮೇಲೆ ಕಿವಿ ಕೊಟ್ಟು ಸರಿಮಾಡಿ.

ಇನ್ನೊಂದು ವಿಷಯ, ಇದು ಮದ್ದು ಬಿಡುವ ಇಂಜಿನಿಗೆ ಮಾತ್ರ. ಮೈಲುತುತ್ತು ಕಬ್ಬಿಣವನ್ನು, ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಬೋರ್ಡೋ ಸರಿಯಾಗಿದೆಯಾ ನೋಡಲು ನಾವು ಕತ್ತಿ ಅದ್ದಿ ನೋಡುವುದಿಲ್ಲವಾ, ಸುಣ್ಣ ಕಡಿಮೆಯಾದರೆ ಅಲಗಿಗೆ ಕೆಂಪಗೆ ತಾಮ್ರ ಹಿಡಿಯುತ್ತದಲ್ಲ, ಅದೇ ಕೆಲಸ ಕಾರ್ಬುರೇಟರಿನ ಲಿವರಿನ ಮೇಲೂ ನಡೆಯುತ್ತದೆ. ಸುಣ್ಣ ಸರಿ ಇದ್ದರೂ ನೀಲಿ ಬಿಳಿ ಹಕ್ಕಳೆ ಏರ್ ಫಿಲ್ಟರಿನ ಮೇಲೆ ಕೂತು ಗಾಳಿ ಕಟ್ಟುತ್ತದೆ. ಡ್ರಮ್ಮಿನಿಂದ ಇಂಜಿನು ನಾಲ್ಕು ಮಾರು ದೂರ ಇರಲಿ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೈಪಿನಿಂದ ನೀರು ಹೊಡೆದು ತೊಳೆಯುವವರೂ ಇದ್ದಾರೆ, ಆ ನೀರು ಹೋಗುವುದು ನೇರ ಫಿಲ್ಟರಿನ ಒಳಗೆ.

ಮೊನ್ನೆ ಕಲಸಿಟ್ಟ ಬೋರ್ಡೋ ಏನು ಮಾಡಿದಿರೋ ಬರೆದಿಲ್ಲ. ಅದು ಅವತ್ತೇ ಬಿಡಬೇಕಾದದ್ದು, ಮರುದಿನಕ್ಕೆ ಇಟ್ಟರೆ ಕೊಳೆರೋಗಕ್ಕೆ ಕೆಲಸಕ್ಕೆ ಬರುವುದಿಲ್ಲ. ಮುಂದಿನ ಸಲ ಜನಕ್ಕೆ ಹೇಳುವ ಎರಡು ದಿನ ಮೊದಲೇ ಇಂಜಿನನ್ನು ಅಂಗಳದಲ್ಲಿ ಓಡಿಸಿ ನೋಡಿ, ಆಮೇಲೆ ಸುಣ್ಣ ನೆನೆಹಾಕಿ.

ಪ್ರಶ್ನೆ: ನಮ್ಮ ಇಂಜಿನಿನ ಹಗ್ಗ ಅರ್ಧಕ್ಕೆ ಬಂದು ಕಲ್ಲಿನ ಹಾಗೆ ನಿಲ್ಲುತ್ತದೆ. ಪಿಕಪ್ಪಿನಲ್ಲಿ ತಂಗಿಯ ಮನೆಗೆ ಕೊಂಡುಹೋಗಿ ತಂದ ಮೇಲೆ ಹೀಗೆ. ಹೆಂಗಸರಿಗೆ ಶಕ್ತಿ ಸಾಲದು, ಅದಕ್ಕೇ ಬರುವುದಿಲ್ಲ ಎಂದು ಮನೆಯಲ್ಲಿ ನಗುತ್ತಾರೆ. ತೋಟ ನೋಡಿಕೊಳ್ಳುವುದು ನಾನೇ. (ಮುಳ್ಳೇರಿಯದ ಓದುಗರು)

ಉತ್ತರ: ನಗುವವರಿಗೆ ಆಯಿಲಿನ ಕಡ್ಡಿ ಎಳೆದು ಮೂಸಿ ನೋಡಲು ಹೇಳಿ. ಪೆಟ್ರೋಲಿನ ವಾಸನೆ ಬರುತ್ತದಾ? ಆಯಿಲ್ ಮೊದಲಿಗಿಂತ ಮೇಲೆ ಬಂದಿದೆಯಾ? ಹಾಗಿದ್ದರೆ ನಿಮ್ಮ ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ.

ಆದದ್ದು ಹೀಗೆ. ಬಟ್ಟಲು ತುಂಬಿದಾಗ ಫ್ಲೋಟ್ ಮೇಲೆ ಬಂದು ಸೂಜಿಯನ್ನು ಒತ್ತಿ ಪೆಟ್ರೋಲು ನಿಲ್ಲಿಸಬೇಕು. ಪಿಕಪ್ಪಿನಲ್ಲಿ ಕಾಕ್ ಮುಚ್ಚದೆ ಹೊಂಡ ಗುಂಡಿಯಲ್ಲಿ ಕುಲುಕಿಸಿಕೊಂಡು ಹೋದರೆ ಸೂಜಿ ಕೂರುವುದಿಲ್ಲ. ಸೂಜಿಯ ತುದಿಗೆ ಸಣ್ಣ ಕಸ ಸಿಕ್ಕಿಕೊಂಡರೂ ಅಷ್ಟೇ. ಪೆಟ್ರೋಲು ತುಂಬಿ ತುಳುಕಿ ಸಿಲಿಂಡರಿನೊಳಗೆ ಇಳಿಯುತ್ತದೆ, ಪಿಸ್ಟನ್ನಿನ ಸಂದಿಯಿಂದ ಆಯಿಲಿಗೂ ಸೇರುತ್ತದೆ. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲಿಕ್ಕಾಗುವುದಿಲ್ಲ. ಹಗ್ಗ ಕಲ್ಲಾಗುವುದು ಅದಕ್ಕೆ. ಗಂಡಸರು ನಾಲ್ಕು ಜನ ಸೇರಿ ಎಳೆದರೂ ಬಾರದು. ಬಂದರೆ ಇನ್ನೂ ಕೆಟ್ಟದ್ದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಎಳೆಯುವುದು ನಿಲ್ಲಿಸಿ. ಕಾಕ್ ಮುಚ್ಚಿ. ಪ್ಲಗ್ ಬಿಚ್ಚಿ, ಅದರ ಟೋಪಿಯನ್ನು ದೂರ ಇಟ್ಟು, ಮುಖ ಆಚೆ ತಿರುಗಿಸಿ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ತೂತಿನಿಂದ ಪೆಟ್ರೋಲು ಚಿಮ್ಮುತ್ತದೆ. ಹತ್ತಿರದಲ್ಲಿ ಒಲೆ, ಬೀಡಿ ಏನೂ ಇರಬಾರದು. ಆಮೇಲೆ ಆಯಿಲ್ ಬದಲಾಯಿಸಲೇಬೇಕು. ಪೆಟ್ರೋಲು ಬೆರೆತ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. 160 ಸಿಸಿ ಆಸುಪಾಸಿನದ್ದಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, 10ಡಬ್ಲ್ಯು-30 ಎಂದು ಬರೆದ ಆಯಿಲ್ ಹಾಕಿ. ಬಟ್ಟಲು ಬಿಚ್ಚಿ ಸೂಜಿ ಒರೆಸಿ, ತುದಿಯ ರಬ್ಬರಿನಲ್ಲಿ ಗೀರು ಬಿದ್ದಿದ್ದರೆ ಹೊಸದು ಹಾಕಿ.

ಪ್ಲಗ್ ತೆಗೆದ ಮೇಲೂ ಹಗ್ಗ ಬಿಗಿಯೇ ಇದ್ದರೆ ಕಾರಣ ಬೇರೆ. ಸ್ಪ್ರೇಯರ್ ಪಂಪಿನಲ್ಲಿ ಒತ್ತಡ ಉಳಿದಿದೆಯಾ ನೋಡಿ, ವಾಲ್ವ್ ತೆರೆದು ಬಿಡಿ.

ಪ್ರಶ್ನೆ: ಹೊಳೆ ಬದಿಯ ಸೀಮೆಎಣ್ಣೆ ಪಂಪು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವುದು. ಇವತ್ತು ಚೆನ್ನಾಗಿ ಓಡುತ್ತದೆ, ನಾಳೆ ಬೆಳಿಗ್ಗೆ ಜಪ್ಪಯ್ಯ ಅಂದರೂ ಆಗುವುದಿಲ್ಲ. (ಪುತ್ತಿಗೆಯ ಓದುಗರು)

ಉತ್ತರ: ನಿಲ್ಲಿಸುವಾಗ ಸೀಮೆಎಣ್ಣೆಯಲ್ಲೇ ನಿಲ್ಲಿಸುತ್ತೀರಿ. ಬಟ್ಟಲಲ್ಲಿ ಸೀಮೆಎಣ್ಣೆ ಉಳಿಯುತ್ತದೆ, ತಣ್ಣಗಿನ ಇಂಜಿನಿನಲ್ಲಿ ಅದು ಆವಿಯಾಗುವುದಿಲ್ಲ, ಪ್ಲಗ್ಗಿಗೆ ಮಸಿ ಬಳಿಯುತ್ತದೆ ಅಷ್ಟೇ. ನಿಲ್ಲಿಸುವ ಎರಡು ಮೂರು ನಿಮಿಷ ಮೊದಲು ಪೆಟ್ರೋಲಿಗೆ ತಿರುಗಿಸಿ. ನಾಳೆ ಬೆಳಿಗ್ಗೆಗೆ ಬಟ್ಟಲು ಖಾಲಿ ಮಾಡಿ, ಪ್ಲಗ್ ಒರೆಸಿ.

ಪ್ರಶ್ನೆ: ಹುಲ್ಲು ಕೊಚ್ಚುವ ಯಂತ್ರ, ಎರಡು ಸ್ಟ್ರೋಕಿನದ್ದು. ಚೋಕ್ ಹಾಕಿದರೆ ಸ್ಟಾರ್ಟಾಗುತ್ತದೆ, ಚೋಕ್ ತೆಗೆದ ಕೂಡಲೇ ಸಾಯುತ್ತದೆ. ನಾವು ಆಚೆ ಬದಿಯ ಬಂಕಿನಿಂದ ಹತ್ತು ಲೀಟರ್ ಒಟ್ಟಿಗೆ ತಂದು ಆಯಿಲ್ ಬೆರೆಸಿ ಇಡುವುದು. ಎಚ್ ಎಂದು ಬರೆದ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿ ನೋಡಿದೆ. (ಬಾಯಾರಿನ ಓದುಗರು)

ಉತ್ತರ: ಆ ಸ್ಕ್ರೂ ಇದ್ದಲ್ಲಿಗೇ ಹೊರಗೆ ತನ್ನಿ, ಇವತ್ತೇ. ಎರಡು ಸ್ಟ್ರೋಕಿನ ಇಂಜಿನಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಎಚ್ ಒಳಗೆ ಹೋದರೆ ಪೆಟ್ರೋಲು ಕಡಿಮೆ, ಪೆಟ್ರೋಲು ಕಡಿಮೆ ಅಂದರೆ ಆಯಿಲೂ ಕಡಿಮೆ. ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಓಡಿದರೆ ಪಿಸ್ಟನ್ ಗೀರಿ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರಿನ ಚೊರೆ ನೂರರಲ್ಲಿ ಮುಗಿಯುವುದು ಸಾವಿರಕ್ಕೆ ಹೋಗುತ್ತದೆ.

ಚೋಕ್ ಅಂದರೆ ಗಾಳಿ ಕಡಿಮೆ ಮಾಡುವುದು. ಗಾಳಿ ಕಟ್ಟಿದರೆ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲು ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಕಳ್ಳದಾರಿಯಲ್ಲಿ ಗಾಳಿ ಎಳೆಯುತ್ತಿದೆ. ನಿಮ್ಮ ಯಂತ್ರದ ಕಾರ್ಬುರೇಟರಿನಲ್ಲಿ ಬಟ್ಟಲು, ಫ್ಲೋಟ್ ಇಲ್ಲ. ಹೆಗಲಿಗೆ ಹಾಕಿ ಅತ್ತ ಇತ್ತ ಓರೆ ಮಾಡುವ ಯಂತ್ರದಲ್ಲಿ ಬಟ್ಟಲು ಇಟ್ಟರೆ ಚೆಲ್ಲಿಹೋಗುತ್ತದೆ. ಅದರ ಬದಲು ಡಯಾಫ್ರಂ ಎನ್ನುವ ತೆಳ್ಳಗಿನ ಪೊರೆ ಇದೆ, ಇಂಜಿನಿನ ಉಸಿರಿಗೆ ಅದು ಹಿಂದೆ ಮುಂದೆ ಆಡುತ್ತ ಪೆಟ್ರೋಲು ಎಳೆದು ಕೊಡುತ್ತದೆ. ಹೊಸತರಲ್ಲಿ ಅದು ಬಾಳೆ ಎಲೆಯ ಕುಡಿಯ ಹಾಗೆ ಮೆತ್ತಗಿರುತ್ತದೆ. ಹಳೇ ಪೆಟ್ರೋಲು, ಎಥನಾಲ್ ತಾಗಿ ತಾಗಿ ಹಪ್ಪಳದ ಹಾಗೆ ಗಡುಸಾಗುತ್ತದೆ. ಬೆರಳಲ್ಲಿ ಒತ್ತಿದರೆ ಕಟಕ್ ಎನ್ನುತ್ತದೆ. ಅದು ಮುಗಿಯಿತು.

ಆದರೆ ಬಿಚ್ಚುವ ಮೊದಲು ಹೊರಗಿನದ್ದು ನೋಡಿ. ಪಾರದರ್ಶಕ ರಬ್ಬರ್ ಗುಳ್ಳೆ ಒತ್ತುತ್ತೀರಲ್ಲ, ಏಳೆಂಟು ಸಲ ಒತ್ತಿದ ಮೇಲೆ ಅದರಲ್ಲಿ ಪೆಟ್ರೋಲು ತುಂಬಬೇಕು. ಗಾಳಿಗುಳ್ಳೆಯೇ ಬರುತ್ತಿದ್ದರೆ ಪೈಪು ಬಿರುಕು ಬಿಟ್ಟಿದೆ, ಜಾಸ್ತಿ ಟ್ಯಾಂಕಿಯ ಒಳಗೆ ಇಳಿಯುವ ಕಡೆ ಅದು ಬಿಡುವುದು. ಇಲಿ ಕಚ್ಚಿದ ಪೈಪನ್ನೂ ನಾನು ನೋಡಿದ್ದೇನೆ. ಗುಳ್ಳೆ ಒತ್ತಿದರೆ ಒಳಗೆ ಹೋಗಿ ಅಲ್ಲೇ ನಿಂತರೆ ಟ್ಯಾಂಕಿಯ ಫಿಲ್ಟರ್ ಕಟ್ಟಿದೆ. ಬಾಗಿದ ತಂತಿಯಿಂದ ಪೈಪಿನ ತುದಿಯನ್ನು ಹೊರಗೆಳೆದು ಫಿಲ್ಟರ್ ಬದಲಾಯಿಸಿ, ಇದು ಐದು ನಿಮಿಷದ ಕೆಲಸ. ಕಾರ್ಬುರೇಟರನ್ನು ಇಂಜಿನಿಗೆ ಬಿಗಿದ ಎರಡು ಸ್ಕ್ರೂ ಸಡಿಲ ಆಗಿದ್ದರೂ ಕಳ್ಳಗಾಳಿ ಬರುತ್ತದೆ. ಇಷ್ಟೂ ಸರಿ ಇದ್ದರೆ ಡಯಾಫ್ರಂ ಕಿಟ್ ಹಾಕಿ. ಹೊಸ ಕಾರ್ಬುರೇಟರಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕನ್ನಡದಲ್ಲಿ ಕೇಳಿ, ತುಳುವಿನಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಡಯಾಫ್ರಂ ಎಲ್ಲದರಲ್ಲೂ ಡಯಾಫ್ರಮ್ಮೇ. ಆದರೆ ತೂತುಗಳ ಜಾಗ ಒಂದೊಂದು ಯಂತ್ರಕ್ಕೆ ಒಂದೊಂದು ಥರ. ಬಿಚ್ಚುವಾಗ ಗ್ಯಾಸ್ಕೆಟ್ ಮೊದಲೋ ಡಯಾಫ್ರಂ ಮೊದಲೋ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದು ಹಿಂದೆ ಮುಂದೆ ಆದರೆ ಹೊಸ ಕಿಟ್ ಹಾಕಿಯೂ ಓಡುವುದಿಲ್ಲ.

ಹತ್ತು ಲೀಟರಿನ ಲೆಕ್ಕ. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ, ಒಪ್ಪಿದೆ, ನಾನೂ ಬೈಕಿಗೆ ಅಲ್ಲಿಯೇ ಹಾಕಿಸುವುದು. ಆದರೆ ಆಯಿಲ್ ಬೆರೆಸಿದ್ದನ್ನು ಒಂದು ತಿಂಗಳಿಗಿಂತ ಜಾಸ್ತಿ ಇಡಬೇಡಿ. ನಿಮ್ಮ ಯಂತ್ರಕ್ಕೆ 40ಕ್ಕೆ 1 ಎಂದಿದ್ದರೆ ಲೀಟರಿಗೆ 25 ಮಿ.ಲೀ. 2ಟಿ (ಎರಡು ಸ್ಟ್ರೋಕಿನ) ಆಯಿಲ್, 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಅಂದಾಜಿಗೆ ಮುಚ್ಚಳದಲ್ಲಿ ಸುರಿಯಬೇಡಿ, ಮಕ್ಕಳ ಔಷಧಿಯ ಅಳತೆ ಲೋಟ ಮನೆಯಲ್ಲಿ ಇರುತ್ತದಲ್ಲ. ಬಳಸಿದ ಮೇಲೆ ಅದನ್ನು ಮತ್ತೆ ಅಡಿಗೆಮನೆಗೆ ಒಯ್ಯಬೇಡಿ ಅಷ್ಟೇ.

ಪ್ರಶ್ನೆ: ಕಾರ್ಬುರೇಟರನ್ನು ಇಡೀ ರಾತ್ರಿ ಥಿನ್ನರಿನಲ್ಲಿ ಅದ್ದಿಡಬಹುದಾ? ಹುಣಸೆ ಹುಳಿ ಹಾಕಿ ತಿಕ್ಕಿದರೆ ಬಿಳಿ ಕಲೆ ಹೋಗುತ್ತದೆ ಎಂದು ಒಬ್ಬರು ಹೇಳಿದರು. (ಉಪ್ಪಳದ ಓದುಗರು)

ಉತ್ತರ: ಥಿನ್ನರ್ ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಅವನ್ನೆಲ್ಲ ಕಳಚಿ, ಬರೀ ಲೋಹದ ಭಾಗವನ್ನು ಅರ್ಧ ಗಂಟೆ ಇಡಬಹುದು. ಹುಣಸೆ ಹುಳಿ ಹಿತ್ತಾಳೆ ದೀಪಕ್ಕೆ ಇರಲಿ. ಕಾರ್ಬುರೇಟರಿನ ಮೈ ಅಲ್ಯುಮಿನಿಯಮ್ಮೋ ಸತುವಿನ ಮಿಶ್ರಲೋಹವೋ ಆಗಿರುತ್ತದೆ, ಹುಳಿ ಅದನ್ನೇ ತಿನ್ನುತ್ತದೆ. ಕಲೆ ಹೋದರೂ ಒಳಗೆ ಹೊಂಡ ಉಳಿಯುತ್ತದೆ.

ಪ್ರಶ್ನೆ: ಅಂಗಳದಲ್ಲಿ ಇಟ್ಟರೆ ಒಂದೇ ಎಳೆತಕ್ಕೆ ಸ್ಟಾರ್ಟ್. ಕೆಳಗಿನ ತೋಟಕ್ಕೆ ಹೊತ್ತುಕೊಂಡು ಹೋಗಿ ಇಟ್ಟರೆ ಕಿಡಿಯೇ ಇಲ್ಲ. ಮೂರು ಸಲ ಹೀಗಾಯಿತು. ಹೆಂಡತಿ ತೋಟದಲ್ಲಿ ಏನೋ ಇದೆ, ಭೂತಕ್ಕೆ ಹೇಳಿಕೊಳ್ಳಿ ಎನ್ನುತ್ತಾಳೆ. (ದೇಲಂಪಾಡಿಯ ಓದುಗರು)

ಉತ್ತರ: ಭೂತಕ್ಕೆ ಹೇಳಿಕೊಳ್ಳುವುದು ನಿಮ್ಮ ಇಷ್ಟ, ಅದರ ಜೊತೆಗೆ ಇಂಜಿನಿನ ಅಡಿಗೆ ಒಂದು ಕಲ್ಲು ಕೊಟ್ಟು ಮಟ್ಟ ಮಾಡಿ. ಗುಡ್ಡದ ಬದಿಯ ತೋಟದಲ್ಲಿ ಸಮತಟ್ಟು ಜಾಗ ಎಲ್ಲಿದೆ? ಈ ಥರದ ಎಷ್ಟೋ ಇಂಜಿನುಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ನಿಲ್ಲಿಸುವ ಸೆನ್ಸರ್ ಇರುತ್ತದೆ. ಇಂಜಿನು ಓರೆಯಾದರೆ ಆಯಿಲ್ ಒಂದು ಬದಿಗೆ ಹೋಗಿ, ಸೆನ್ಸರ್ ಬರಿದಾದೆ ಅಂದುಕೊಳ್ಳುತ್ತದೆ. ಮಟ್ಟ ಮಾಡಿ ಆಯಿಲ್ ನೋಡಿ, ಬಹುಶಃ ಅಂಚಿನಲ್ಲಿ ಇದೆ, ಸ್ವಲ್ಪ ಹಾಕಿದರೆ ಸಾಕು. ಕೆಲವರು ಸೆನ್ಸರಿನ ವೈರ್ ಕಿತ್ತು ಬಿಡುತ್ತಾರೆ. ಆಮೇಲೆ ಒಂದು ದಿನ ನಿಜವಾಗಿ ಆಯಿಲ್ ಮುಗಿದಾಗ ಹೇಳುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟಾಗಿ ಹತ್ತು ನಿಮಿಷ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. (ನೀರ್ಚಾಲಿನ ಓದುಗರು)

ಉತ್ತರ: ನಿಂತ ಕೂಡಲೇ ಇಂಜಿನಿಗೆ ಏನೂ ಮಾಡಬೇಡಿ, ಟ್ಯಾಂಕಿಯ ಮುಚ್ಚಳ ಮಾತ್ರ ಸಡಿಲಿಸಿ. ಶ್ಶ್ ಎಂದು ಗಾಳಿ ಒಳಗೆ ಎಳೆದರೆ, ಆಮೇಲೆ ಸ್ವಲ್ಪ ಹೊತ್ತಿನಲ್ಲಿ ಸ್ಟಾರ್ಟಾದರೆ, ಮುಚ್ಚಳದ ಗಾಳಿತೂತು ಕಟ್ಟಿದೆ. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಟ್ಯಾಂಕಿ ಪೆಟ್ರೋಲನ್ನು ಬಿಟ್ಟುಕೊಡುವುದಿಲ್ಲ. ಮುಚ್ಚಳವನ್ನು ತಿರುಗಿಸಿ ಒಳಗೆ ಹೊರಗೆ ಎರಡೂ ಬದಿ ನೋಡಿ. ಧೂಳು ಆಯಿಲ್ ಸೇರಿದ ಕೆಸರು ಇರಬಹುದು. ನನ್ನ ಇಂಜಿನಿಗೆ ಹೀಗಾದಾಗ ಸಿಕ್ಕಿದ್ದು ಕುಂಬಾರ ಹುಳದ ಗೂಡು, ಮುಚ್ಚಳದ ಮೇಲೆಯೇ ನೆಲ್ಲಿಕಾಯಿ ಗಾತ್ರಕ್ಕೆ ಮಣ್ಣು ಮೆತ್ತಿತ್ತು. ಸೈಲೆನ್ಸರಿನ ಬಾಯಿಯಲ್ಲೂ ಅದು ಕಟ್ಟುತ್ತದೆ, ಅಲ್ಲಿಯೂ ಒಮ್ಮೆ ಟಾರ್ಚು ಬಿಟ್ಟು ನೋಡಿ. ಕೆದಕುವಾಗ ಒಳಗೆ ಸಣ್ಣ ಜೇಡಗಳು ಇಲ್ಲವೇ ಹಸಿರು ಹುಳುಗಳು ಸಾಲಾಗಿ ಮಲಗಿದ್ದರೆ ಗಾಬರಿ ಬೇಡ, ಅದು ತನ್ನ ಮರಿಗೆ ಕಟ್ಟಿಟ್ಟ ಬುತ್ತಿ.